ಕಿತ್ತೂರು ಕೋಟೆಯೊಳಗಿನ ಮನೆ

ಕಿತ್ತೂರು ಎಂದರೆ ಯುದ್ಧ ಎಂದೇ ನಮ್ಮ ಪಾಠಪುಸ್ತಕಗಳು ಕಲಿಸಿವೆ. ಕೋಟೆಯೊಳಗೆ ಅಡ್ಡಾಡಿದರೆ ಮಾತ್ರ ಎದುರಾಗುವುದು ಒಂದು ದೊಡ್ಡ ಮನೆತನದ ಸಂಸಾರ: ಅಡುಗೆಮನೆ, ಬಚ್ಚಲು, ನೀರಿನ ತೊಟ್ಟಿ, ಬಾವಿ, ದರ್ಬಾರು ನಡೆದ ಪಡಸಾಲೆ. ಚಾವಣಿ ಹಾರಿಹೋಗಿ ದಪ್ಪ ಗೋಡೆಗಳಷ್ಟೇ ಉಳಿದಿವೆ. ಒಂದು ಗೋಡೆಯಲ್ಲಿ ಕೂಡಿಸಿದ ಕೊಳವೆಯಲ್ಲಿ ಇಣುಕಿದರೆ ಧ್ರುವನಕ್ಷತ್ರ ಕಾಣುತ್ತದಂತೆ. ಹಗಲು ಹೋದವರು ಊರವರ ಮಾತನ್ನು ನಂಬಿ ಮುಂದೆ ನಡೆಯಬೇಕು!

ಈ ಮನೆಯ ಯಜಮಾನರು ಕಿತ್ತೂರಿನ ದೇಸಾಯಿಗಳು. 1585ರ ಸುಮಾರಿಗೆ ಬಿಜಾಪುರದ ಸೇನೆಯೊಡನೆ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಮನೆತನದ ಮೂಲಪುರುಷರು. ಮೊದಲು ನೆಲೆಸಿದ್ದು ಈಗಿನ ಬೈಲಹೊಂಗಲ ತಾಲ್ಲೂಕಿನ ಸಂಪಗಾವಿಯಲ್ಲಿ. ಹದಿನೇಳನೆಯ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಿತ್ತೂರಿಗೆ ಬಂದು ಕೋಟೆ ಕಟ್ಟಿಸಿದ.

ಮುಂದೆ ಈ ಮನೆಗೆ ನೆಮ್ಮದಿ ಕಡಿಮೆ. ಈ ಮನೆತನದ ದೊರೆ ಮಲ್ಲಸರ್ಜ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ, ಪೇಶ್ವೆಯ ಸೆರೆಯಲ್ಲಿ ಬಳಲಿ 1816ರಲ್ಲಿ ತೀರಿಕೊಂಡ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಸಾಯುವ ಮುನ್ನ ಆತ ಶಿವಲಿಂಗಪ್ಪನನ್ನು ದತ್ತು ಪಡೆದ. ಧಾರವಾಡದ ಬ್ರಿಟಿಷ್ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಒತ್ತಿಸಿದ. ದತ್ತುಮಕ್ಕಳ ಹಕ್ಕನ್ನು ಒಪ್ಪದೆ ಸಂಸ್ಥಾನಗಳನ್ನು ವಶಪಡಿಸಿಕೊಳ್ಳುವ ನೀತಿಗೆ ಹೆಸರಾದ ಗವರ್ನರ್ ಜನರಲ್ ಡಾಲ್‌ಹೌಸಿ ಭಾರತಕ್ಕೆ ಬರಲು ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲವಿತ್ತು.

ಅಂದರೆ ಜಗಳ ಹುಟ್ಟಿದ್ದು ಮನೆಗೆ ವಾರಸುದಾರ ಯಾರೆಂಬ ಪ್ರಶ್ನೆಯಿಂದ. ಅದನ್ನು ಕೈಗೆತ್ತಿಕೊಂಡವಳು ಮಲ್ಲಸರ್ಜನ ಕಿರಿಯ ರಾಣಿ, ಕಾಕತಿಯ ಚೆನ್ನಮ್ಮ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲೇ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಮುಂದೆ 'ವ್ಯಾನಿಟಿ ಫೇರ್' ಬರೆದ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪ. ಡಿಸೆಂಬರಿನಲ್ಲಿ ಬ್ರಿಟಿಷರ ದೊಡ್ಡ ಸೇನೆ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ಕಣ್ಮುಚ್ಚಿದಳು. ಸಮಾಧಿ ಅಲ್ಲೇ ಇದೆ. ಶಿವಲಿಂಗಪ್ಪನನ್ನು ಗಾದಿಗೆ ತರಲು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಜನಜಂಗುಳಿ. ಮನೆ ನೋಡಬೇಕೆನ್ನುವವರು ಬೇರೆ ದಿನ ಹೋಗುವುದು ಒಳ್ಳೆಯದು. ಕೋಟೆಯ ಆವರಣದಲ್ಲೇ ಇರುವ ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಮೊದಲು ಹೋಗಬೇಕು. ಕತ್ತಿ, ಕವಚಗಳ ಮುಂದೆ ಮಕ್ಕಳು ಗುಂಪುಗೂಡಲಿ. ದೊಡ್ಡವರು ಅರಮನೆಯ ಕೆತ್ತನೆಯ ಬಾಗಿಲು, ಕಿಟಕಿ ಚೌಕಟ್ಟುಗಳ ಮುಂದೆ ತುಸು ನಿಲ್ಲಬೇಕು. ಆಮೇಲೆ ಹೊರಗಿನ ಬೋಳುಗೋಡೆಗಳ ನಡುವೆ ನಡೆದರೆ ಯಾವುದು ಕೋಣೆ, ಯಾವುದು ಹಾದಿ ಎಂದು ತಾನಾಗಿ ತಿಳಿಯುತ್ತದೆ.