ನಲ್ಲಿ ನೀರಿನ ಮೂರು ಬಾಟಲಿ

ಒಂದು ಲೀಟರಿನದು ದೊಡ್ಡ ಬಾಟಲಿ, ಅರ್ಧ ಲೀಟರಿನದು ಇನ್ನೊಂದು, ಮೂರನೆಯದು 125 ಮಿಲಿಲೀಟರಿನ ಪುಟ್ಟದು. 2015ರ ಆಗಸ್ಟ್‌ನಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದ ಮನೆಗಳಿಗೆ ಇಂಥ ಬಾಟಲಿಗಳ ಮುನ್ನೂರು ಪೊಟ್ಟಣಗಳು ಬಂದವು. ಕಳಿಸಿದ್ದು ದೂರದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಪರಿಸರ ಎಂಜಿನಿಯರಿಂಗ್ ಪ್ರಯೋಗಾಲಯ. ಜೊತೆಗಿದ್ದ ಸೂಚನೆ ಸರಳವಾಗಿತ್ತು. ಕನಿಷ್ಠ ಆರು ಗಂಟೆ ಮನೆಯ ಯಾವ ನಲ್ಲಿಯನ್ನೂ ತಿರುಗಿಸಬೇಡಿ. ಆಮೇಲೆ ಅಡುಗೆಮನೆಯ ನಲ್ಲಿಯಿಂದ ಮೊದಲು ಬೀಳುವ ನೀರನ್ನೇ ದೊಡ್ಡ ಬಾಟಲಿಗೆ ಹಿಡಿಯಿರಿ. 45 ಸೆಕೆಂಡು ನೀರು ಬಿಟ್ಟು ಎರಡನೆಯದನ್ನು ತುಂಬಿ, ಎರಡು ನಿಮಿಷ ಹರಿಯಬಿಟ್ಟು ಮೂರನೆಯದನ್ನು.

ಇದು ಬರೀ ಶಿಸ್ತಿಗಾಗಿ ಮಾಡಿದ ನಿಯಮವಲ್ಲ. ರಾತ್ರಿಯಿಡೀ ನಿಂತ ನೀರಿನಲ್ಲಿ ಮೊದಲ ಲೀಟರು ನಲ್ಲಿಯ ಹಿತ್ತಾಳೆ ಮತ್ತು ಮನೆಯೊಳಗಿನ ಪೈಪಿನ ಬೆಸುಗೆಗೆ ತಾಗಿಕೊಂಡಿದ್ದ ನೀರು. ಮುಕ್ಕಾಲು ನಿಮಿಷದ ನಂತರ ಬರುವುದು ಬೀದಿಯಿಂದ ಮನೆಗೆ ಬರುವ ಪೈಪಿನಲ್ಲಿದ್ದದ್ದು. ಹಳೆಯ ಅಮೆರಿಕನ್ ಊರುಗಳಲ್ಲಿ ಈ ಪೈಪು ಎಷ್ಟೋ ಕಡೆ ಅಪ್ಪಟ ಸೀಸದ್ದು. ಎರಡು ನಿಮಿಷ ಕಳೆದರೆ ಬೀದಿಯ ದೊಡ್ಡ ಕೊಳವೆಯ ನೀರು ಬರತೊಡಗುತ್ತದೆ. ಮೂರೂ ಬಾಟಲಿಗಳನ್ನು ಸಾಲಾಗಿಟ್ಟು ಅಳೆದರೆ ಸೀಸ ಇದೆಯೇ ಎಂಬುದಷ್ಟೇ ಅಲ್ಲ, ಎಲ್ಲಿಂದ ಸೇರುತ್ತಿದೆ ಎಂಬ ಸುಳಿವೂ ಸಿಗುತ್ತದೆ.

ಕುಡಿಯುವ ನೀರಿನ ಸೀಸ ಸಾಮಾನ್ಯವಾಗಿ ನದಿಯಿಂದ ಬರುವುದಿಲ್ಲ. ಶುದ್ಧೀಕರಣ ಘಟಕದ ಬಾಗಿಲಲ್ಲಿ ಪರೀಕ್ಷಿಸಿದರೆ ಅದು ಕಾಣುವುದೂ ಇಲ್ಲ. ನೀರು ಘಟಕ ದಾಟಿ, ಬೀದಿ ದಾಟಿ, ಮನೆಯ ಗೋಡೆಯೊಳಗೆ ನುಸುಳುವಾಗ ಪೈಪಿನಿಂದ ಕರಗಿ ಸೇರುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಆದ್ದರಿಂದ ಎಲ್ಲಿ, ಯಾವಾಗ, ಯಾವ ಬಾಟಲಿಗೆ ನೀರು ಹಿಡಿದರು ಎಂಬುದರ ಮೇಲೆಯೇ ಉತ್ತರ ನಿಂತಿರುತ್ತದೆ. ಫ್ಲಿಂಟ್‌ನ ಇಡೀ ಕಥೆ ಈ ಒಂದು ಪ್ರಶ್ನೆಯ ಸುತ್ತ ನಡೆದದ್ದು.

ಫ್ಲಿಂಟ್ ಆಗ ಸುಮಾರು ಒಂದು ಲಕ್ಷ ಜನರ ಊರು. ಮೋಟಾರು ಕಾರ್ಖಾನೆಗಳಿಂದ ಬೆಳೆದು, ಅವು ಮುಚ್ಚಿದಂತೆ ಬಡವಾದದ್ದು. ಖಜಾನೆ ಬರಿದಾಗಿ, ಆಡಳಿತ ರಾಜ್ಯ ಸರ್ಕಾರ ನೇಮಿಸಿದ ತುರ್ತು ಅಧಿಕಾರಿಯ ಕೈಗೆ ಹೋಗಿತ್ತು. ಅಲ್ಲಿಯವರೆಗೆ ಡೆಟ್ರಾಯಿಟ್ ನಗರದಿಂದ ಹ್ಯೂರನ್ ಸರೋವರದ ನೀರು ಬರುತ್ತಿತ್ತು. ಹಣ ಉಳಿಸಲೆಂದು 2014ರ ಏಪ್ರಿಲ್ 25ರಂದು ಅದನ್ನು ನಿಲ್ಲಿಸಿ, ಊರಿನ ನಡುವೆಯೇ ಹರಿಯುವ ಫ್ಲಿಂಟ್ ನದಿಯ ನೀರನ್ನು ಕೊಳವೆಗಳಿಗೆ ಬಿಟ್ಟರು. ಕೆಲವೇ ವಾರಗಳಲ್ಲಿ ದೂರುಗಳು ಶುರುವಾದವು: ನೀರು ಕಂದು ಬಣ್ಣಕ್ಕೆ ತಿರುಗಿದೆ, ವಾಸನೆ ಹೊಡೆಯುತ್ತಿದೆ, ಮಕ್ಕಳ ಮೈಯಲ್ಲಿ ಗಂದೆ ಏಳುತ್ತಿದೆ. ನೀರು ಸರಿಯಾಗಿಯೇ ಇದೆ ಎಂಬುದು ಅಧಿಕಾರಿಗಳ ಉತ್ತರ. ಅದೇ ವರ್ಷದ ಅಕ್ಟೋಬರಿನಲ್ಲಿ ಊರಿನ ಜನರಲ್ ಮೋಟರ್ಸ್ ಎಂಜಿನ್ ಕಾರ್ಖಾನೆ ತನ್ನ ಬಿಡಿಭಾಗಗಳು ತುಕ್ಕು ಹಿಡಿಯುತ್ತಿವೆ ಎಂದು ನಗರದ ನೀರನ್ನು ಬಿಟ್ಟು ಬೇರೆ ಮೂಲಕ್ಕೆ ಹೋಯಿತು. ಕಬ್ಬಿಣಕ್ಕೆ ಆಗದ ನೀರನ್ನು ಊರಿನ ಮಕ್ಕಳು ಇನ್ನೂ ಒಂದು ವರ್ಷ ಕುಡಿದರು. ಈ ಸಾಲನ್ನು ಸಿಟ್ಟಿಲ್ಲದೆ ಬರೆಯುವುದು ಕಷ್ಟ.

ನೀರಿಗೆ ಏನಾಗಿತ್ತು? ಡೆಟ್ರಾಯಿಟ್‌ನವರು ನೀರಿಗೆ ಆರ್ಥೋಫಾಸ್ಫೇಟ್ ಎಂಬ ಲವಣವನ್ನು ಬೆರೆಸುತ್ತಿದ್ದರು. ಸೀಸದ ಜೊತೆ ಸೇರಿ ಅದು ಸುಲಭಕ್ಕೆ ಕರಗದ ವಸ್ತುವಾಗಿ, ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಬಿಳಿ ಹಕ್ಕಳೆಯಂತೆ ಪೈಪಿನೊಳಗೆ ಪದರ ಕಟ್ಟುತ್ತದೆ. ನೀರಿಗೂ ಲೋಹಕ್ಕೂ ನಡುವೆ ಇರುವುದು ಅದೊಂದೇ ತಡೆ. ನದಿಯ ನೀರಿಗೆ ಬದಲಾದಾಗ ಈ ಲವಣ ಹಾಕುವುದನ್ನೇ ಬಿಟ್ಟರು. ಐವತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ತುಕ್ಕು ನಿಯಂತ್ರಣ ಕಡ್ಡಾಯವೆಂದು 1991ರ ಒಕ್ಕೂಟ ನಿಯಮ ಹೇಳುತ್ತಿದ್ದರೂ ಹೀಗಾಯಿತು. ದಿನಕ್ಕೆ ನೂರು ಡಾಲರಿನ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಕೆಲಸ ಅದು ಎಂದು ವರ್ಜೀನಿಯಾ ಟೆಕ್‌ನ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಮುಂದೆ ಲೆಕ್ಕ ಹಾಕಿದರು.

ಇನ್ನೊಂದು ತೊಂದರೆ ಕ್ಲೋರೈಡಿನದು. ನದಿಯ ನೀರಿನಲ್ಲಿ ಅದು ಮೊದಲೇ ಹೆಚ್ಚಿತ್ತು. ಕೆಸರು ಇಳಿಸಲು ಬಳಸಿದ ಫೆರಿಕ್ ಕ್ಲೋರೈಡ್ ಇನ್ನಷ್ಟು ಸೇರಿಸಿತು. ತಾಮ್ರದ ಪೈಪಿಗೆ ಸೀಸದ ಬೆಸುಗೆ ಹಾಕಿದ ಜಾಗದಲ್ಲಿ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ ಸೀಸ ಕರಗುತ್ತದೆ. ಸಲ್ಫೇಟ್ ಇದ್ದರೆ ಅಲ್ಲಿ ಸೀಸದ ಸಲ್ಫೇಟಿನ ಪದರ ಕಟ್ಟಿ ಪ್ರವಾಹ ಕುಗ್ಗುತ್ತದೆ. ಕ್ಲೋರೈಡ್ ಜಾಸ್ತಿಯಾದಷ್ಟೂ ಆ ರಕ್ಷಣೆ ಸೋಲುತ್ತದೆ. ಇವೆರಡರ ಅನುಪಾತ ಡೆಟ್ರಾಯಿಟ್ ನೀರಿನಲ್ಲಿ 0.45 ಇದ್ದದ್ದು ಫ್ಲಿಂಟ್‌ನಲ್ಲಿ 1.6ಕ್ಕೆ ಏರಿತ್ತು. ವರ್ಜೀನಿಯಾ ಟೆಕ್‌ನ ವಿದ್ಯಾರ್ಥಿಗಳು ಎರಡೂ ನೀರನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಒಂದೊಂದರಲ್ಲೂ ಬೆಸುಗೆ ಹಾಕಿದ ತಾಮ್ರದ ತುಣುಕು ಇಟ್ಟು, ವಾರಗಟ್ಟಲೆ ಕಾದು ನೋಡಿದರು. ಫ್ಲಿಂಟ್ ನೀರಿಗೆ ಬಿಟ್ಟುಕೊಟ್ಟ ಸೀಸ ಹತ್ತೊಂಬತ್ತು ಪಟ್ಟು. ಕಬ್ಬಿಣದ ತುಣುಕು ಇಟ್ಟ ಸೀಸೆಗಳ ವ್ಯತ್ಯಾಸಕ್ಕೆ ಅಳತೆಯೂ ಬೇಕಿರಲಿಲ್ಲ. ಒಂದು ತಿಳಿಯಾಗಿತ್ತು, ಇನ್ನೊಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಈ ಪ್ರಯೋಗಾಲಯವನ್ನು ಫ್ಲಿಂಟ್‌ಗೆ ಎಳೆದು ತಂದವರು ಒಬ್ಬ ತಾಯಿ, ಲೀಆನ್ ವಾಲ್ಟರ್ಸ್. 2015ರ ಫೆಬ್ರುವರಿಯಲ್ಲಿ ಅವರ ಮನೆಯ ನೀರಿನಲ್ಲಿ ನಗರಸಭೆಯವರೇ ಕಂಡ ಸೀಸ 104 ಪಿಪಿಬಿ, ಅಂದರೆ ಲೀಟರಿಗೆ 104 ಮೈಕ್ರೋಗ್ರಾಂ. ಅಮೆರಿಕದಲ್ಲಿ ಆಗ ಕ್ರಮಕ್ಕೆ ಮುಂದಾಗಬೇಕಿದ್ದ ಮಟ್ಟ 15. ಮಾರ್ಚ್‌ನಲ್ಲಿ ಅದು 397 ಆಯಿತು. ವಾಲ್ಟರ್ಸ್ ಸುಮ್ಮನಾಗಲಿಲ್ಲ; ನೀರು ಶುದ್ಧೀಕರಣದ ಕಡತಗಳನ್ನು ತಾವೇ ಓದಿ, ಒಕ್ಕೂಟ ಪರಿಸರ ಸಂಸ್ಥೆಯ ನೀರಿನ ತಜ್ಞ ಮಿಗೆಲ್ ಡೆಲ್ ಟೊರಾಲ್ ಅವರನ್ನು ಹಿಡಿದರು. ತುಕ್ಕು ನಿಯಂತ್ರಣವೇ ಇಲ್ಲವೆಂದು ಡೆಲ್ ಟೊರಾಲ್ ಜೂನ್‌ನಲ್ಲಿ ಬರೆದ ಟಿಪ್ಪಣಿಗೆ ಮೇಲಿನವರು ಕಿವಿಗೊಡಲಿಲ್ಲ. ಇತ್ತ ಏಪ್ರಿಲ್‌ನಲ್ಲೇ ವಾಲ್ಟರ್ಸ್ ಮನೆಯ ನೀರನ್ನು ಎಡ್ವರ್ಡ್ಸ್ ಅವರ ಪ್ರಯೋಗಾಲಯ ಪರೀಕ್ಷಿಸಿತ್ತು. ಒಂದು ಬಾಟಲಿಯಲ್ಲಿ ಸಿಕ್ಕಿದ್ದು 13,200 ಪಿಪಿಬಿ. 5,000 ದಾಟಿದ ದ್ರವವನ್ನು ಅಪಾಯಕಾರಿ ತ್ಯಾಜ್ಯವೆಂದು ಅಲ್ಲಿನ ನಿಯಮ ಕರೆಯುತ್ತದೆ.

ಎಡ್ವರ್ಡ್ಸ್‌ಗೆ ಇಂಥದ್ದು ಹೊಸದಲ್ಲ. 2000ದ ನವೆಂಬರಿನಲ್ಲಿ ರಾಜಧಾನಿ ವಾಷಿಂಗ್ಟನ್‌ನಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಬಳಸಲು ಶುರುಮಾಡಿದ್ದರು. ಉದ್ದೇಶ ಒಳ್ಳೆಯದೇ, ಕ್ಲೋರಿನ್‌ನಿಂದ ಹುಟ್ಟುವ ಕೆಲವು ಹಾನಿಕರ ಉಪವಸ್ತುಗಳನ್ನು ತಗ್ಗಿಸುವುದು. ಆದರೆ ಪೈಪುಗಳ ಒಳಗೆ ಕಟ್ಟಿದ್ದ ಸೀಸದ ಡೈಆಕ್ಸೈಡ್ ಪದರ ಉಳಿದಿದ್ದದ್ದೇ ಕ್ಲೋರಿನ್‌ನ ಬಲವಾದ ಉತ್ಕರ್ಷಣ ಶಕ್ತಿಯಿಂದ. ಅದು ಹೋದದ್ದೇ ಪದರ ಕರಗತೊಡಗಿ ಸೀಸ ನೀರಿಗೆ ಬಂತು. 2004ರ ಜನವರಿ ಕೊನೆಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ವಿಷಯವನ್ನು ಹೊರತಂದಿತು. ಹೆಚ್ಚಿನ ಹಾನಿಯೇನೂ ಆಗಿಲ್ಲವೆಂಬ ಅರ್ಥ ಬರುವ ವರದಿಯನ್ನು ಅದೇ ವರ್ಷ ಒಕ್ಕೂಟ ರೋಗ ನಿಯಂತ್ರಣ ಕೇಂದ್ರ ಪ್ರಕಟಿಸಿತು. ಅದರ ಅಂಕಿಅಂಶ ದೋಷಪೂರ್ಣವೆಂದು ಸಂಸತ್ತಿನ ಉಪಸಮಿತಿಯೊಂದು ಹೇಳಿದ್ದು 2010ರಲ್ಲಿ. ಅಷ್ಟೂ ವರ್ಷ ಎಡ್ವರ್ಡ್ಸ್ ದಾಖಲೆ ಕೆದಕುತ್ತ, ಸ್ವಂತ ಹಣ ಸುರಿಯುತ್ತ ವಾದಿಸಿದ್ದರು. ನಡುವೆ, 2007ರಲ್ಲಿ, ಅವರಿಗೆ ಮ್ಯಾಕ್ಆರ್ಥರ್ ಫೆಲೋಶಿಪ್ ಎಂಬ ಗೌರವ ಬಂತು.

ಫ್ಲಿಂಟ್ ವಿಷಯದಲ್ಲಿ ಅಷ್ಟು ವರ್ಷ ಕಾಯಲು ಅವರ ತಂಡ ಸಿದ್ಧವಿರಲಿಲ್ಲ. ಭಾರತದಿಂದ ಹೋಗಿ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಸಿದ್ಧಾರ್ಥ ರಾಯ್ ವಿದ್ಯಾರ್ಥಿ ತಂಡದ ಮುಂದಾಳು. ಬಾಟಲಿಗಳನ್ನು ಊರಿನ ಜನರೇ ಮನೆಮನೆಗೆ ಹಂಚಿದರು, ತುಂಬಿಸಿ ಒಟ್ಟುಮಾಡಿ ಕಳಿಸಿದರು. ಮುನ್ನೂರರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಪೊಟ್ಟಣಗಳು ವಾಪಸು ಬಂದವು. ಪ್ರಯೋಗಾಲಯಕ್ಕೆ ಬಂದ ನೀರಿಗೆ ಮೊದಲು ನೈಟ್ರಿಕ್ ಆಮ್ಲ ಸೇರಿಸಿ ಬಿಡುತ್ತಾರೆ. ಸೀಸ ಕರಗಿದ ರೂಪದಲ್ಲಷ್ಟೇ ಅಲ್ಲದೆ ಪೈಪಿನಿಂದ ಕಳಚಿದ ಕಣಗಳಾಗಿಯೂ ಇರುತ್ತದೆ, ಬಾಟಲಿಯ ಗೋಡೆಗೆ ಅಂಟಿಕೊಂಡು ಲೆಕ್ಕ ತಪ್ಪಿಸುತ್ತದೆ. ಆಮ್ಲ ಅದನ್ನು ಬಿಡಿಸುತ್ತದೆ. ನಂತರ ನೀರು ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾಕ್ಕೆ ಹೋಗುತ್ತದೆ. ಅಲ್ಲಿ ಅಣುಗಳು ಒಡೆದು ಅಯಾನುಗಳಾಗುತ್ತವೆ, ಯಂತ್ರ ಅವನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಒಂದು ಪಿಪಿಬಿಗಿಂತ ಕಡಿಮೆ ಸೀಸವನ್ನೂ ಇದು ಹಿಡಿಯುತ್ತದೆ.

ನಿಯಮದ ಪ್ರಕಾರ ನೋಡುವುದು ಸರಾಸರಿಯನ್ನಲ್ಲ. ಮನೆಗಳನ್ನು ಸೀಸದ ಪ್ರಮಾಣದ ಏರಿಕೆಯಲ್ಲಿ ಸಾಲು ನಿಲ್ಲಿಸಿದರೆ ನೂರರಲ್ಲಿ ತೊಂಬತ್ತನೆಯ ಮನೆಯ ಅಂಕಿ ಎಷ್ಟು ಎಂಬುದೇ ಮುಖ್ಯ. ಆಗ ಅದು 15 ದಾಟಬಾರದಿತ್ತು. ವಿದ್ಯಾರ್ಥಿಗಳು ಕಂಡದ್ದು 25. ಒಂದು ಮಾದರಿಯಲ್ಲಂತೂ 1,000 ಮೀರಿತ್ತು.

ಅಧಿಕಾರಿಗಳ ಲೆಕ್ಕದಲ್ಲಿ ಮಾತ್ರ ಅದೇ ಅಂಕಿ 11. ಇಷ್ಟು ಅಂತರ ಹೇಗೆ ಬಂತು? ಅವರು ತೆಗೆದ 71 ಮಾದರಿಗಳಲ್ಲಿ ಎರಡನ್ನು ಕೈಬಿಟ್ಟಿದ್ದರು. ಅದರಲ್ಲೊಂದು ವಾಲ್ಟರ್ಸ್ ಮನೆಯ 104. ಆ ಮನೆಯಲ್ಲಿ ಫಿಲ್ಟರ್ ಇತ್ತೆಂಬುದು ಕೊಟ್ಟ ಕಾರಣ. ಮೇಲಾಗಿ, ನೀರು ಹಿಡಿಯುವ ಹಿಂದಿನ ರಾತ್ರಿ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಿ ಎಂದು ಮನೆಯವರಿಗೆ ತಿಳಿಸಲಾಗಿತ್ತು. ಹೀಗೆ ಮಾಡಿದರೆ ಪೈಪಿನಲ್ಲಿ ಸಡಿಲವಾಗಿದ್ದ ಸೀಸ ಮೊದಲೇ ಮೋರಿ ಸೇರುತ್ತದೆ. ಸಣ್ಣ ಬಾಯಿಯ ಬಾಟಲಿ ಕೊಟ್ಟರೆ ಜನ ನಲ್ಲಿಯನ್ನು ಮೆಲ್ಲಗೆ ತಿರುಗಿಸುತ್ತಾರೆ, ಕಣಗಳು ಕಳಚುವುದೇ ಇಲ್ಲ. ನಲ್ಲಿಯ ತುದಿಯ ಜಾಲರಿ ಬಿಚ್ಚಿಸಿದರೆ ಅಲ್ಲಿ ಸಿಕ್ಕಿಕೊಂಡ ಸೀಸ ಲೆಕ್ಕಕ್ಕೆ ಬರುವುದಿಲ್ಲ. ಈ ಮೂರನ್ನೂ ಬಿಡಬೇಕೆಂದು ಒಕ್ಕೂಟ ಪರಿಸರ ಸಂಸ್ಥೆ ಸೂಚಿಸಿದ್ದು 2016ರ ಫೆಬ್ರುವರಿಯಲ್ಲಿ.

ನೀರಿನ ಲೆಕ್ಕವನ್ನು ರಕ್ತದ ಲೆಕ್ಕದೊಂದಿಗೆ ಹೊಂದಿಸಿದವರು ಫ್ಲಿಂಟ್‌ನ ಹರ್ಲಿ ಆಸ್ಪತ್ರೆಯ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ. ರಕ್ತದ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದ್ದ ಪುಟ್ಟ ಮಕ್ಕಳ ಪ್ರಮಾಣ ನೀರು ಬದಲಾದ ಮೇಲೆ ಶೇ 2.4ರಿಂದ ಶೇ 4.9ಕ್ಕೆ ಏರಿತ್ತು. 2015ರ ಸೆಪ್ಟೆಂಬರ್ 24ರಂದು ಅವರು ಇದನ್ನು ಪತ್ರಕರ್ತರ ಮುಂದಿಟ್ಟರು. ರಾಜ್ಯದ ಅಧಿಕಾರಿಗಳು ಮೊದಲು ತಳ್ಳಿಹಾಕಿ, ಕೆಲವೇ ದಿನಗಳಲ್ಲಿ ಒಪ್ಪಿಕೊಳ್ಳಬೇಕಾಯಿತು. ಅಕ್ಟೋಬರ್ 16ರಂದು ಊರಿಗೆ ಮತ್ತೆ ಡೆಟ್ರಾಯಿಟ್ ನೀರು ಬಂತು. ಮಗುವಿನ ಮೆದುಳಿಗೆ ಇಷ್ಟು ಸೀಸ ನಿರಪಾಯ ಎನ್ನಬಹುದಾದ ಮಟ್ಟವೇ ಇಲ್ಲ.

ತುಕ್ಕು ಇನ್ನೊಂದು ದಾರಿಯಲ್ಲೂ ಹಾನಿ ಮಾಡಿತು. ಕೊಳವೆಯಿಂದ ಕರಗಿದ ಕಬ್ಬಿಣ ನೀರಿನಲ್ಲಿದ್ದ ಕ್ಲೋರಿನ್ ಅನ್ನು ನುಂಗಿಹಾಕುತ್ತದೆ; ಕ್ಲೋರಿನ್ ಇಲ್ಲದ ಬೆಚ್ಚಗಿನ ನೀರಿನಲ್ಲಿ ಲೀಜಿಯೋನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. 2014–15ರಲ್ಲಿ ಆ ಪ್ರದೇಶದಲ್ಲಿ ಸುಮಾರು ತೊಂಬತ್ತು ಜನರಿಗೆ ಅದರಿಂದ ಬರುವ ನ್ಯುಮೋನಿಯಾ ತಗಲಿ ಹನ್ನೆರಡು ಮಂದಿ ಸತ್ತರು. ಅದೇ ವಿಶ್ವವಿದ್ಯಾಲಯದಲ್ಲಿ ಏಮಿ ಪ್ರುಡನ್ ಅವರ ಸೂಕ್ಷ್ಮಜೀವಿ ತಂಡ ಈ ಎಳೆಯನ್ನು ಹಿಡಿಯಿತು.

ವಿಜ್ಞಾನಿ ಮತ್ತು ಜನರ ನಂಟು ಕೊನೆಯವರೆಗೂ ಹಾಗೆಯೇ ಉಳಿಯಲಿಲ್ಲ. ನೀರು ಸುಧಾರಿಸುತ್ತಿದೆಯೆಂದು ಎಡ್ವರ್ಡ್ಸ್ ಹೇಳತೊಡಗಿದಾಗ, ನಂಬಿಕೆ ಕಳೆದುಕೊಂಡಿದ್ದ ಕೆಲವರಿಗೆ ಅದು ರುಚಿಸಲಿಲ್ಲ. ಟೀಕಿಸಿದ ಮೂವರ ಮೇಲೆ ಅವರು 2018ರಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು; ನ್ಯಾಯಾಲಯ ಮರುವರ್ಷ ಅದನ್ನು ವಜಾ ಮಾಡಿತು. ಹಿಂದೆ ತಾವೇ ಅಧಿಕಾರದ ಮಾತನ್ನು ಪ್ರಶ್ನಿಸಿದ್ದವರು ತಮ್ಮನ್ನು ಪ್ರಶ್ನಿಸಿದವರನ್ನು ಕೋರ್ಟಿಗೆ ಎಳೆದದ್ದು ಬೇಸರದ ಸಂಗತಿಯೇ. ಅಳತೆ ಮಾತ್ರ ಅದರಿಂದ ಸುಳ್ಳಾಗುವುದಿಲ್ಲ.

ಇನ್ನು ನಮ್ಮ ಕರ್ನಾಟಕದಲ್ಲಿ ಸೀಸದ ವಿಷಯವನ್ನು ದಶಕಗಳ ಕಾಲ ಹಿಡಿದು ಕೂತವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್. ಪೆಟ್ರೋಲಿನಲ್ಲಿ, ಗೋಡೆಯ ಬಣ್ಣದಲ್ಲಿ, ಬ್ಯಾಟರಿ ಕರಗಿಸುವ ಗುಡಿಸಲುಗಳಲ್ಲಿ ಇದ್ದ ಸೀಸ ಮಕ್ಕಳ ರಕ್ತಕ್ಕೆ ಸೇರುವ ಬಗ್ಗೆ ಅವರು ಎಡೆಬಿಡದೆ ಹೇಳುತ್ತ ಬಂದರು. ನಮ್ಮಲ್ಲಿ ಕೊಳಾಯಿಯ ಸೀಸದ ಮೂಲವೇ ಬೇರೆ. ಪಿವಿಸಿ ಪೈಪು ತಯಾರಿಸುವಾಗ ಅದು ಬಿಸಿಗೆ ಕೆಡದಿರಲೆಂದು ಸೀಸದ ಲವಣಗಳನ್ನು ಬಹುಕಾಲ ಬೆರೆಸುತ್ತಿದ್ದರು. ಇದನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಪಿಪಿಬಿ. ಫ್ಲಿಂಟ್‌ಗೆ ಅಂದು ಅನ್ವಯಿಸುತ್ತಿದ್ದ 15ಕ್ಕಿಂತ ಬಿಗಿ.

ಹೊಸ ನಿಯಮ ಹೊಸ ಪೈಪಿಗೆ. ಗೋಡೆಯೊಳಗೆ ಆಗಲೇ ಹೂತಿರುವ ಪೈಪಿನ ನೀರನ್ನು ಪರೀಕ್ಷೆಗೆ ಕೊಡುವವರು ಮಹಡಿಯ ಮೇಲಿನ ಟ್ಯಾಂಕಿನಿಂದಲೋ ಬೀದಿಯ ಸಂಪರ್ಕದಿಂದಲೋ ನೀರು ಹಿಡಿದು ಪ್ರಯೋಜನವಿಲ್ಲ. ಹಿಂದಿನ ರಾತ್ರಿ ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ, ಬೆಳಿಗ್ಗೆ ಅಡುಗೆಮನೆಯಲ್ಲಿ ಮೊದಲು ಬೀಳುವ ನೀರನ್ನು ಅಗಲ ಬಾಯಿಯ ಬಾಟಲಿಗೆ, ನಲ್ಲಿಯನ್ನು ಪೂರ್ತಿ ತಿರುಗಿಸಿ ಹಿಡಿಯಬೇಕು. ಎರಡು ನಿಮಿಷ ಬಿಟ್ಟು ಇನ್ನೊಂದು ಬಾಟಲಿ ತುಂಬಿ, ಎರಡಕ್ಕೂ ಬೇರೆಬೇರೆ ಚೀಟಿ ಅಂಟಿಸಬೇಕು. ಮೊದಲನೆಯದರಲ್ಲಿ ಸೀಸ ಹೆಚ್ಚಿದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ತೊಂದರೆ ಮನೆಯೊಳಗಿನ ಪೈಪಿನಲ್ಲೋ ನಲ್ಲಿಯಲ್ಲೋ ಇದೆ. ಅದನ್ನು ಬದಲಿಸುವವರೆಗೆ ಕುಡಿಯಲು, ಅಡುಗೆಗೆ ಬೆಳಗಿನ ಮೊದಲ ನೀರನ್ನು ಬಳಸದೆ ಗಿಡಗಳಿಗೋ ನೆಲ ಒರೆಸಲೋ ಹಾಕಬಹುದು. ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.