ಹೊಳೆಯ ಹದ್ದು ಎಲ್ಲಿಯವರೆಗೆ?



ನಿಮ್ಮ ಹೊಲದ ಹದ್ದು ಎಲ್ಲಿಯವರೆಗೆ ಅಂತ ಕೇಳಿದರೆ ಸಣ್ಣ ಹುಡುಗನೂ ಬದುವಿನ ಕಲ್ಲು ತೋರಿಸುತ್ತಾನೆ. ಹೊಳೆಯ ಹದ್ದು ಎಲ್ಲಿಯವರೆಗೆ ಅಂತ ಕೇಳಿದರೆ ಮಾತ್ರ ನಾವು ಬೇಸಿಗೆಯಲ್ಲಿ ನೀರು ಹರಿಯುವ ಸಣ್ಣ ದಾರಿಯನ್ನೇ ತೋರಿಸುತ್ತೇವೆ. ಇದು ತಪ್ಪು. ಮಹಾಪೂರ ಬಂದಾಗ ನೀರು ಹರಡುವಷ್ಟು ನೆಲವೆಲ್ಲ ಹೊಳೆಯದೇ. ಅಲ್ಲಿ ನಾವು ಬಿತ್ತಬಹುದು, ಬೆಳೆಯಬಹುದು. ಹೊಳೆಯ ಹಕ್ಕು ಅದರಿಂದ ಹೋಗುವುದಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. 2019ರಲ್ಲಿ ಮಲಪ್ರಭಾ ದಂಡೆಯ ಒಂದು ಹಳ್ಳಿಯ ಕೆಲಸ ನನ್ನ ಪಾಲಿಗಿತ್ತು. ಆಗಸ್ಟ್ ತಿಂಗಳಲ್ಲಿ ಮಳೆ ಬಿಡದೆ ಹಿಡಿಯಿತು. ಜನ ಬಂದು, "ಸಾಹೇಬ್ರ, ದನಾ ಮ್ಯಾಲ ಹೊಡಕೊಂಡು ಹೋಗೂನೇನ್ರಿ?" ಅಂತ ಕೇಳಿದರು. 2009ರ ನೀರು ಊರ ಹುಣಸೆಮರದ ಬುಡಕ್ಕೆ ನಿಂತಿತ್ತೆಂದು ಕೇಳಿದ್ದೆ. ಅದನ್ನೇ ನೆಚ್ಚಿ, "ಹುಣಸಿಗಿಡದ ಆಚೆ ಬರಂಗಿಲ್ಲ, ಗಾಬರಿ ಬ್ಯಾಡ" ಅಂದೆ. ಅಲ್ಲಿದ್ದ ಒಬ್ಬ ಅಜ್ಜಿ, "ತಮ್ಮಾ, ನೀ ಹತ್ತು ವರ್ಷದ ಲೆಕ್ಕ ಹೇಳಾಕತ್ತಿ. ಹೊಳಿ ಅದಕಿಂತ ಹಳೇದೈತಿ" ಅಂದರು. ಆ ರಾತ್ರಿ ನೀರು ಹುಣಸೆಮರ ದಾಟಿ ಮನೆಗಳಿಗೆ ಹೊಕ್ಕಿತು. ಜನರೇನೋ ಉಳಿದರು. ಗೂಟಕ್ಕೆ ಕಟ್ಟಿದ್ದ ಎರಡು ಎಮ್ಮೆ ಉಳಿಯಲಿಲ್ಲ. ನನ್ನ ಮಾತು ಕೇಳಿ ದನ ಬಿಚ್ಚದೆ ಇದ್ದ ಮನೆಯವು ಅವು. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಆದ್ದರಿಂದಲೇ ಈ ವಿಷಯವನ್ನು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆನಿಸಿದೆ.

ಮೊದಲು, ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯೋಣ. ಮಲಪ್ರಭೆಗೆ ನೀರು ಬರುವ ದಾರಿ ಎರಡು.

ಒಂದು, ಮೇಲಿನ ಘಟ್ಟದ ನೀರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನಡುವೆ ಸವದತ್ತಿಯ ಹತ್ತಿರ ನವಿಲುತೀರ್ಥದ ಆಣೆಕಟ್ಟಿದೆ. ಅದು ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಆಣೆಕಟ್ಟು ಖಾಲಿ ಇರುವಾಗ ಮೇಲಿನ ನೀರನ್ನು ಅದು ತಡೆದುಕೊಳ್ಳುತ್ತದೆ. ತುಂಬಿದ ಮೇಲೆ ತುಂಬಿದ ಕೊಡವಿದ್ದ ಹಾಗೆ. ಒಳಗೆ ಬಂದಷ್ಟನ್ನು ಹೊರಗೆ ಬಿಡಲೇಬೇಕು. ಬಾನುಲಿಯಲ್ಲಿ "ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗಿದೆ" ಅಂತ ಕೇಳುತ್ತೀರಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ದೊಡ್ಡ ಎರಡು ಕೊಡ ಎನ್ನಿರಿ. ಹತ್ತು ಸಾವಿರ ಕ್ಯೂಸೆಕ್ ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಸಾವಿರ ಕೊಡ.

ಎರಡನೆಯದು, ಬಯಲಿನ ನೀರು. ಹುಬ್ಬಳ್ಳಿ, ನವಲಗುಂದ ಕಡೆಯ ಯರಿ ಭೂಮಿಯ ನೀರು ಹೊತ್ತು ಬರುವ ಬೆಣ್ಣಿಹಳ್ಳ ಆಣೆಕಟ್ಟಿನ ಕೆಳಗೆ, ರೋಣ ತಾಲೂಕಿನಲ್ಲಿ, ಹೊಳೆಗೆ ಸೇರುತ್ತದೆ. ಇದಕ್ಕೆ ನವಿಲುತೀರ್ಥದ ಗೇಟಿನ ಹಂಗಿಲ್ಲ. ಹೊಳೆ ತುಂಬಿದ್ದರೆ ಹಳ್ಳದ ನೀರು ಒಳಗೆ ಹೋಗಲಾರದೆ ಹಿಂದಕ್ಕೆ ಒತ್ತಿ ಹೊಲಕ್ಕೆ ಏರುತ್ತದೆ. "ಗೇಟು ತೆಗೆದಿಲ್ಲ, ನಮಗೇನು" ಎಂದು ಮಲಗುವಂತಿಲ್ಲ.

2009ರ ಮಹಾಪೂರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂತು. ಆ ಮಳೆ ನಮ್ಮ ಬಯಲು ಸೀಮೆಯ ಮೇಲೆಯೇ ಸುರಿಯಿತು. 2019ರದ್ದು ಆಗಸ್ಟ್‌ನಲ್ಲಿ, ಘಟ್ಟದ ಮಳೆಯಿಂದ ಆಣೆಕಟ್ಟು ತುಂಬಿ ನೀರು ಬಿಡಬೇಕಾಯಿತು. ಆಗ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಹೊಕ್ಕಿತು. ಕಲ್ಲಿನ ಗುಡಿ ನಿಂತಿತು. ನಮ್ಮ ಮಣ್ಣಿನ ಗೋಡೆ ಹಾಗೆ ನಿಲ್ಲುವುದಿಲ್ಲ. ಒಂದು ಮಹಾಪೂರ ನೋಡಿದವರು ಎಲ್ಲ ಮಹಾಪೂರ ನೋಡಿದ ಹಾಗಾಗಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಹೊಳೆಯ ಹದ್ದನ್ನು ಗುರುತಿಸುವುದು ಹೇಗೆ? ನೆರೆಯ ನೆಲವನ್ನು ಪಟ್ಟಿಗಳಾಗಿ ವಿಂಗಡಿಸಬೇಕೆಂಬ ಮಾದರಿ ಮಸೂದೆಯನ್ನು ಕೇಂದ್ರವು 1975ರಲ್ಲಿಯೇ ರಾಜ್ಯಗಳಿಗೆ ಕಳಿಸಿತ್ತು. ನಮ್ಮ ಊರಿನ ಮಟ್ಟಿಗೆ ಮೂರು ಪಟ್ಟಿ ಮಾಡಿಕೊಂಡರೆ ಸಾಕು. ಹೊಳೆ ತುಂಬಿ ಬಂದಾಗಲೆಲ್ಲ ಮುಳುಗುವುದು ಮೊದಲನೆಯ ಪಟ್ಟಿ. ದೊಡ್ಡ ನೀರಿಗೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಎನ್ನುವ ಹಾಗೆ, ಮುಳುಗುವುದು ಎರಡನೆಯದು. ಹಿರಿಯರ ನೆನಪಿನಲ್ಲಿ ಮಾತ್ರ ಮುಳುಗಿರುವುದು ಮೂರನೆಯದು.

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿಯಬೇಕು. "25 ವರ್ಷದ ನೀರು" ಎಂದರೆ ಒಮ್ಮೆ ಬಂದರೆ ಮುಂದೆ 25 ವರ್ಷ ಬರುವುದಿಲ್ಲ ಎಂದಲ್ಲ. ಒಂದು ಚೀಲದಲ್ಲಿ 25 ಕಡಲೆಕಾಳು ಹಾಕಿ ಒಂದಕ್ಕೆ ಕುಂಕುಮ ಹಚ್ಚಿರಿ. ವರ್ಷಕ್ಕೊಮ್ಮೆ ಕಣ್ಣು ಮುಚ್ಚಿ ಒಂದು ಕಾಳು ತೆಗೆದು, ನೋಡಿ, ತಿರುಗಿ ಚೀಲಕ್ಕೇ ಹಾಕಿರಿ. ಕೆಂಪು ಕಾಳು ಈ ವರ್ಷ ಬಂದರೂ ಮುಂದಿನ ವರ್ಷ ಮತ್ತೆ ಬರಬಹುದು. ಇಂಥ ನೆಲದಲ್ಲಿ ಮನೆ ಕಟ್ಟಿ 30 ವರ್ಷ ಬಾಳಿದರೆ, ಒಮ್ಮೆಯಾದರೂ ನೀರು ಹೊಗುವ ಸಂಭವ 100ಕ್ಕೆ 70. ಹಿರಿಯರ ಲೆಕ್ಕದಲ್ಲಿ ರೂಪಾಯಿಗೆ ಹನ್ನೊಂದಾಣೆ. ಹೀಗಿರುವಾಗ ಅಗ್ಗದ ನಿವೇಶನ ಅಗ್ಗವೇ?

ಗುರುತು ಮಾಡಲು ಖರ್ಚಿಲ್ಲ. ಊರಿನ ಹಿರಿಯರನ್ನು, ಮುಖ್ಯವಾಗಿ ಅಜ್ಜಿಯಂದಿರನ್ನು ಕೇಳಿರಿ: ಯಾವ ವರ್ಷ ನೀರು ಯಾವ ಮೆಟ್ಟಿಲಿಗೆ ಬಂತು, ಯಾವ ಕಟ್ಟೆ ಮುಳುಗಿತು? ನೆಲವನ್ನೂ ನೋಡಿರಿ. ಬಾವಿ ತೋಡಿದಾಗ ಯರಿ ಮಣ್ಣಿನ ನಡುವೆ ಮಳಲು, ಶಂಖುಹುಳದ ಚಿಪ್ಪು ಸಿಕ್ಕರೆ ಹೊಳೆ ಅಲ್ಲಿಗೆ ಬಂದು ಹೋಗಿರಬಹುದು. ಆಮೇಲೆ ಗೌಂಡಿಯವರ ನೀರಿನ ಲೆವಲ್ ಪೈಪು ತಂದು, ಅತಿ ದೊಡ್ಡ ನೀರಿನ ಎತ್ತರವನ್ನು ಗುಡಿಯ ಗೋಡೆ, ಶಾಲೆಯ ಗೋಡೆ, ಬೀದಿಯ ಕಂಬಗಳಿಗೆ ಒಯ್ದು ಕೆಂಪು ಬಣ್ಣದಲ್ಲಿ ಗೆರೆ ಎಳೆದು ವರ್ಷ ಬರೆಯಿರಿ. ಹೊಳೆ ಇಳಿಜಾರಾಗಿ ಹರಿಯುವುದರಿಂದ ಒಂದು ಊರಿನ ಗೆರೆ ಇನ್ನೊಂದು ಊರಿಗೆ ಸಲ್ಲದು. ಆ ಗೆರೆಯೇ ಕೊನೆಯೆಂದೂ ತಿಳಿಯಬೇಡಿರಿ. ನಾನು ಹುಣಸೆಮರವನ್ನು ನಂಬಿ ಕೆಟ್ಟವನು.

ಇನ್ನು ಯಾವ ಪಟ್ಟಿಯಲ್ಲಿ ಏನು ಮಾಡಬೇಕು?

ಮೊದಲನೆಯ ಪಟ್ಟಿಯಲ್ಲಿ ಮನೆ, ಕೊಟ್ಟಿಗೆ, ಬಣವಿ ಬೇಡ. ಪಂಪಸೆಟ್ಟು ಬೇಗ ಬಿಚ್ಚಿ ಒಯ್ಯುವ ಹಾಗಿರಲಿ. ಮುಂಗಾರಿಗೆ ಮೇವಿನ ಹುಲ್ಲು ಬೆಳೆಯಿರಿ. ನೀರಿಳಿದು ಹದ ಬಂದ ಮೇಲೆ ಹಿಂಗಾರಿ ಜೋಳ, ಕಡಲೆ ಬಿತ್ತಿರಿ. ದಂಡೆಯ ಗಿಡ, ಹುಲ್ಲು ಕಡಿದು ಹೊಳೆಯೊಳಕ್ಕೆ ಸಾಗುವಳಿ ಒತ್ತುವುದು ಬೇಡ. ಹೊಳೆಯ ದಾರಿ ಕಿರಿದಾದಷ್ಟೂ ನೀರು ಮೇಲೇರಿ ಎದುರು ದಂಡೆಯ ಅಣ್ಣತಮ್ಮಂದಿರ ಮನೆ ಹೊಗುತ್ತದೆ.

ಎರಡನೆಯ ಪಟ್ಟಿಯಲ್ಲಿ ಬೆಳೆಯ ಆಯ್ಕೆ ಮುಖ್ಯ. ಎತ್ತರಕ್ಕೆ ಬೆಳೆದ ಕಬ್ಬು ಸುಳಿ ಮುಳುಗದಿದ್ದರೆ ಕೆಲವು ದಿನ ತಡೆಯುತ್ತದೆ. ಉಳ್ಳಾಗಡ್ಡಿ, ಹೆಸರು, ಗೋವಿನಜೋಳ ನಿಂತ ನೀರಿಗೆ ಬೇಗ ಕೆಡುತ್ತವೆ. ಎಲ್ಲ ಹೊಲವನ್ನೂ ಒಂದೇ ಬೆಳೆಗೆ ಒಪ್ಪಿಸಬೇಡಿರಿ. ವಾಸದ ಮನೆ ಇಲ್ಲಿಯೂ ಬೇಡ.

ಮೂರನೆಯ ಪಟ್ಟಿಯಲ್ಲಿ ಮನೆ ಕಟ್ಟುವುದಾದರೆ ತಳಪಾಯ ಕೆಂಪು ಗೆರೆಗಿಂತ ಮೇಲಿರಲಿ. ಕಾಳುಕಡಿ ಅಟ್ಟದ ಮೇಲಿರಲಿ. ಹಗೇವು ನೀರಿನಲ್ಲಿ ಮೊದಲು ಕೆಡುತ್ತದೆ. ಪಹಣಿ, ಬ್ಯಾಂಕಿನ ಪುಸ್ತಕ, ಆಧಾರ್ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಾಯಂದಿರ ಕೈಗೆ ಸಿಗುವ ಒಂದೇ ಜಾಗದಲ್ಲಿ ಇಡಿರಿ. ಬೆಳೆವಿಮೆ ಮಾಡಿಸಿದವರು ಬೆಳೆ ಮುಳುಗಿದರೆ 72 ಗಂಟೆಯೊಳಗೆ ತಿಳಿಸಬೇಕು.

ಮುನ್ಸೂಚನೆ ಕೇಳಿದ ಕೂಡಲೇ, ಬೆಳಕಿರುವಾಗಲೇ ದನಕರುಗಳನ್ನು ಮಡ್ಡಿಗೆ ಹೊಡೆಯಿರಿ. ಅದಕ್ಕೂ ಹೊತ್ತಿಲ್ಲದಿದ್ದರೆ ಕಣ್ಣಿ ಬಿಚ್ಚಿ ಬಿಡಿರಿ. ಬಿಚ್ಚಿದ ಎಮ್ಮೆ ಈಜಿ ಪಾರಾಗಬಹುದು. ಕಟ್ಟಿದ ಎಮ್ಮೆಗೆ ದಾರಿಯೇ ಇಲ್ಲ. ಹಳ್ಳ ತುಂಬಿ ಹರಿಯುವಾಗ ಚಕ್ಕಡಿ, ಟ್ರಾಕ್ಟರ್ ಇಳಿಸಬೇಡಿರಿ.

ನೀರು ಬಾರದೆ ಹೋದರೆ ಒಂದು ದಿನದ ಕೆಲಸ ಕೆಟ್ಟೀತು, ನೆರೆಯವರು ನಕ್ಕಾರು. ನಗಲಿ ಬಿಡಿ. ನನ್ನನ್ನು ಈಗ ಯಾರಾದರೂ, "ಸಾಹೇಬ್ರ, ದನಾ ಹೊಡಕೊಂಡು ಹೋಗೂನೇನ್ರಿ?" ಅಂತ ಕೇಳಿದರೆ, "ಹೊಡೀರಿ, ನಾನೂ ಬರತೀನಿ" ಅಂತಲೇ ಹೇಳುತ್ತೇನೆ.

ಈ ಮುಂಗಾರಿಗೆ ಮೊದಲೇ ನಿಮ್ಮೂರಲ್ಲಿ ಕೆಂಪು ಗೆರೆ ಬೀಳಲಿ.