ದ್ರಾಕ್ಷಿ ಹೆಸರಿನೊಳಗೆ ಅಡಗಿದ ‘ಭಾರ’

ಮಕ್ಕಳೇ, ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ದ್ರಾಕ್ಷಿ ತೋಟಗಳು ಕಾಣುತ್ತವೆ. ಈ ಬಳ್ಳಿಗೆ ವಿಜ್ಞಾನದಲ್ಲಿ ‘ವಿಟಿಸ್ ವಿನಿಫೆರಾ’ ಎಂದು ಹೆಸರು. 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಪ್ರಕಟಿಸಿದ ಗ್ರಂಥದಲ್ಲಿ ಅದು ಬಂತು.

ಲ್ಯಾಟಿನ್ ಭಾಷೆಯಲ್ಲಿ ‘ವಿಟಿಸ್’ ಎಂದರೆ ದ್ರಾಕ್ಷಿ ಬಳ್ಳಿ. ‘ವಿನುಮ್’ ಎಂದರೆ ವೈನ್, ‘ಫೆರ್ರೆ’ ಎಂದರೆ ಹೊರುವುದು. ಎರಡೂ ಸೇರಿ ‘ವಿನಿಫೆರಾ’, ಅಂದರೆ ವೈನ್ ಹೊತ್ತ ಬಳ್ಳಿ. ಈ ‘ಫೆರ್ರೆ’ಗೆ ಸಂಸ್ಕೃತದ ‘ಭೃ’ ಧಾತು ದೂರದ ನೆಂಟ. ನಾವು ದಿನವೂ ಆಡುವ ‘ಭಾರ’ ಹುಟ್ಟಿದ್ದು ಆ ಧಾತುವಿನಿಂದಲೇ!

ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮರ ಎನ್ನುವಾಗ ನಮ್ಮ ‘ದೊಡ್ಡ’ ಬದಲಾಗುವುದಿಲ್ಲ. ಲ್ಯಾಟಿನ್ ಗುಣವಾಚಕ ಹಾಗಲ್ಲ. ಪುಲ್ಲಿಂಗಕ್ಕೆ ವಿನಿಫೆರ್, ಸ್ತ್ರೀಲಿಂಗಕ್ಕೆ ವಿನಿಫೆರಾ, ನಪುಂಸಕಲಿಂಗಕ್ಕೆ ವಿನಿಫೆರುಮ್. ‘ವಿಟಿಸ್’ ಸ್ತ್ರೀಲಿಂಗ, ಆದ್ದರಿಂದ ವಿನಿಫೆರಾ. ಸಂಸ್ಕೃತ ಬಲ್ಲ ಅಜ್ಜನನ್ನು ಕೇಳಿ: ಸುಂದರಃ, ಸುಂದರೀ, ಸುಂದರಮ್. ಅಲ್ಲಿಯೂ ಇದೇ ನಿಯಮ.

ಹೆಸರೇನೋ ವೈನಿನದು. ಆದರೆ ನಮ್ಮ ಭಾಗದ ಎಷ್ಟೋ ದ್ರಾಕ್ಷಿ ಶೆಡ್ಡುಗಳಲ್ಲಿ ಒಣಗಿ ಒಣದ್ರಾಕ್ಷಿಯಾಗುತ್ತದೆ, ಅಜ್ಜಿಯ ಪಾಯಸಕ್ಕೆ ಬೀಳುತ್ತದೆ. ಲಿನೇಯಸ್ ತಿಕೋಟಾಕ್ಕೆ ಬಂದು ಆ ಪಾಯಸ ಉಂಡಿದ್ದರೆ ಬಳ್ಳಿಗೆ ಏನೆಂದು ಹೆಸರಿಡುತ್ತಿದ್ದ? ಅಜ್ಜ, ಅಜ್ಜಿಯೊಡನೆ ಕೂತು ನೀವೇ ಒಂದು ಹೆಸರು ಹುಡುಕಿ.